ಕೊರೆದ ಹುಡಿ ಮೇಲೆ ಬರಬೇಕು

ಬೇಸಿಗೆಯಲ್ಲಿ ಪುತ್ತೂರಿನಿಂದ ಸುಬ್ರಹ್ಮಣ್ಯದ ತನಕ ಯಾವ ಒಳರಸ್ತೆ ಹಿಡಿದರೂ ಬೋರ್‌ವೆಲ್ ಲಾರಿಯ ಸದ್ದು ಕೇಳುತ್ತದೆ. ನೋಡಲು ನಿಂತವರ ಕಣ್ಣು ತಿರುಗುವ ರಾಡಿನ ಮೇಲಿದ್ದರೆ, ಕೊರೆಯುವವನ ಕಣ್ಣು ಹಾರಿಬರುವ ಹುಡಿಯ ಮೇಲಿರುತ್ತದೆ. ಮೊದಲು ಮುರಕಲ್ಲಿನ ಕೆಂಪು ಹುಡಿ, ಆಮೇಲೆ ಕರಿಕಲ್ಲಿನ ಬೂದು. ಕಂಪ್ರೆಸರಿನ ಗಾಳಿಗೆ ಅಲ್ಲಿ ಎರಡು ಕೆಲಸ: ತಳದಲ್ಲಿ ಸುತ್ತಿಗೆ ಬಡಿಯಬೇಕು, ಬಡಿದು ಉದುರಿದ್ದನ್ನು ಮೇಲಕ್ಕೆ ತಳ್ಳಬೇಕು. ಗಾಳಿ ಸೋತರೆ ಬಿಟ್ ತನ್ನದೇ ಹುಡಿಯಲ್ಲಿ ಸಿಕ್ಕಿಬೀಳುತ್ತದೆ.

ಅಲ್ಯುಮಿನಿಯಂ ದಿಂಡಿನಲ್ಲಿ ದೊಡ್ಡ, ಆಳದ ತೂತು ಕೊರೆಯುವವರಿಗೂ ಇದೇ ಪಾಠ. ನಮ್ಮ ಈ ಕಡೆಯ ವರ್ಕ್‌ಶಾಪ್‌ಗಳಿಗೆ ಅಡಿಕೆ, ರಬ್ಬರ್ ತೋಟಗಳ ರಿಪೇರಿಯೇ ಅನ್ನ. ಪುಲ್ಲಿಯ ಹಬ್ಬೋ ಬೇರಿಂಗ್ ಕೂರುವ ಹೌಸಿಂಗೋ ಬಂದರೆ ಲೇತಿಗೆ ಕಟ್ಟಿ ಮುಗಿಸುವುದು ರೂಢಿ. ಸುಳ್ಯದಲ್ಲಿ 1986ರಿಂದ, ಪುತ್ತೂರಿನಲ್ಲಿ 2001ರಿಂದ ಎಂಜಿನಿಯರಿಂಗ್ ಕಾಲೇಜುಗಳಿವೆ; ಹಾಗಾಗಿ ಲೇತಿನ ಹ್ಯಾಂಡಲ್ ತಿರುಗಿಸುವುದಕ್ಕಿಂತ ವಿಎಂಸಿಗೆ, ಅಂದರೆ ಪ್ರೋಗ್ರಾಂ ಹೇಳಿದಂತೆ ನಡೆಯುವ ನೆಟ್ಟಗಿನ ಸ್ಪಿಂಡಲಿನ ಯಂತ್ರಕ್ಕೆ, ಪ್ರೋಗ್ರಾಂ ಬರೆಯುವುದೇ ಸಲೀಸು ಎನ್ನುವ ಹುಡುಗರು ಈಗ ಊರಲ್ಲೇ ಸಿಗುತ್ತಾರೆ. ಅವರಿಗೆ ಅಲ್ಯುಮಿನಿಯಂ ಅಂದರೆ ಬೆಣ್ಣೆ. ತೂತಿನ ಆಳ ಅಗಲದ ಮೂರು ಪಟ್ಟು ದಾಟುವವರೆಗೆ ಆ ಮಾತು ಸರಿಯೇ.

ಒಂದು ಲೆಕ್ಕ ಹಾಕೋಣ. 50 ಮಿ.ಮೀ. ಅಗಲ, 200 ಮಿ.ಮೀ. ಆಳದ ತೂತೆಂದರೆ ಒಂದು ಕಿಲೋಗ್ರಾಂ ಮೀರಿದ ಲೋಹ ಹೊರಗೆ ಬರಬೇಕು. ಬದಲಿಸಬಹುದಾದ ಅಲಗು, ಅಂದರೆ ಇನ್ಸರ್ಟ್, ಕೂರಿಸಿದ ಯು-ಡ್ರಿಲ್ಲಿಗೆ ನಿಮಿಷಕ್ಕೆ 200 ಮೀಟರ್ ಕಟಿಂಗ್ ವೇಗ ಕೊಟ್ಟರೆ ಸ್ಪಿಂಡಲ್ ಸುಮಾರು 1,270 ಸುತ್ತು ತಿರುಗುತ್ತದೆ, ಸುತ್ತಿಗೆ 0.12 ಮಿ.ಮೀ. ಇಳಿಸಿದರೆ ಒಂದೂವರೆ ನಿಮಿಷದೊಳಗೆ ಕೆಲಸ ಮುಗಿಯಬೇಕು. ನಾಲ್ಕೈದು ಕಿಲೋವ್ಯಾಟ್ ಶಕ್ತಿ ಸಾಕು, ಮೋಟರಿಗೆ ಅದು ಭಾರವಲ್ಲ. ಆದರೆ ಅಷ್ಟೂ ಲೋಹ ಸುರುಳಿಯಾಗಿ, ಗಾತ್ರದಲ್ಲಿ ಹಲವು ಪಟ್ಟು ಉಬ್ಬಿ, ಡ್ರಿಲ್ಲೇ ತುಂಬಿಕೊಂಡಿರುವ ಬಾವಿಯಿಂದ ಮೇಲೇರಬೇಕಲ್ಲ! ಅಲ್ಯುಮಿನಿಯಂ ಅಂಟುವ ಜಾತಿ. ಬಿಸಿಯಾದರೆ ಬಿಟ್ಟಿನ ಅಲಗಿಗೆ, ಅದರ ಕಾಲುವೆಗೆ ಮೆತ್ತಿಕೊಳ್ಳುತ್ತದೆ. ಒಮ್ಮೆ ಮೆತ್ತಿತೋ, ಮುಂದಿನ ಸುರುಳಿಗೆ ದಾರಿಯಿಲ್ಲ.

ವಿಎಂಸಿಯಲ್ಲಿ ತೂತಿನ ಬಾಯಿ ಆಕಾಶ ನೋಡುತ್ತಿರುತ್ತದೆ. ಅಡ್ಡ ಸ್ಪಿಂಡಲಿನ ಯಂತ್ರಕ್ಕೆ ಈ ಕಷ್ಟ ಕಡಿಮೆ, ಬಾಯಿಗೆ ಬಂದ ಹುಡಿ ತಾನಾಗಿ ಕೆಳಗೆ ಉದುರುತ್ತದೆ. ಬಾವಿಗೂ ಸುರಂಗಕ್ಕೂ ಇರುವ ವ್ಯತ್ಯಾಸವೇ ಇದು. ಗುಡ್ಡಕ್ಕೆ ಅಡ್ಡ ಸುರಂಗ ತೋಡಿ ನೀರು ತಂದು 2022ರಲ್ಲಿ ಪದ್ಮಶ್ರೀ ಪಡೆದ ಅಮೈ ಮಹಾಲಿಂಗ ನಾಯ್ಕರ ಕೇಪು ಇಲ್ಲೇ ಪಕ್ಕದ ಬಂಟ್ವಾಳ ತಾಲೂಕಿನಲ್ಲಿದೆ. ಸುರಂಗದಿಂದ ಮಣ್ಣನ್ನು ಹೊತ್ತು ತರುವುದು ಸುಲಭವೆಂದಲ್ಲ, ಆದರೆ ಬಾವಿಯಂತೆ ಹಗ್ಗ ಕಟ್ಟಿ ಮೇಲಕ್ಕೆಳೆಯುವ ಪಾಡು ಅಲ್ಲಿಲ್ಲ.

ಹೊರಗಿನಿಂದ ಕೂಲೆಂಟ್ ಸುರಿದರೆ ಸಾಲದೇ ಎಂದು ಕೇಳುವವರಿದ್ದಾರೆ. ಸಾಲದು. ಮೇಲೆ ಬರುವ ಸುರುಳಿಯೇ ಕೆಳಗೆ ಹೋಗುವ ಕೂಲೆಂಟಿಗೆ ಅಡ್ಡ ನಿಲ್ಲುತ್ತದೆ. ಸ್ಪಿಂಡಲ್ ಮತ್ತು ಡ್ರಿಲ್ಲಿನ ಹೊಟ್ಟೆಯೊಳಗಿಂದಲೇ ಹಾದು ತುದಿಯಲ್ಲಿ ಚಿಮ್ಮುವ ಒತ್ತಡದ ಕೂಲೆಂಟ್ ಬೇಕು. ಬೋರ್‌ವೆಲ್ಲಿನ ಗಾಳಿ ಮಾಡುವ ಕೆಲಸವನ್ನು ಇಲ್ಲಿ ಅದು ಮಾಡುತ್ತದೆ. ಆ ಸೌಕರ್ಯವಿಲ್ಲದ ಯಂತ್ರದಲ್ಲಿ ಪ್ರೋಗ್ರಾಂನಲ್ಲಿ ಜಿ83 ಎಂಬ ಆದೇಶ ಹಾಕಿ ಸ್ವಲ್ಪ ಕೊರೆ, ಪೂರ್ತಿ ಮೇಲೆತ್ತು, ಮತ್ತೆ ಇಳಿ ಎಂದು ಕುಟ್ಟಿಸುತ್ತಾರೆ. ಮಾಮೂಲಿ ಹೈಸ್ಪೀಡ್ ಬಿಟ್ಟಿಗೆ ಇದು ನಡೆಯುತ್ತದೆ. ಇನ್ಸರ್ಟಿನ ಡ್ರಿಲ್ಲಿಗೆ ಮಾತ್ರ ಬೇಡ: ಎತ್ತಿದಾಗ ಒಳಗೆ ಬಿದ್ದ ಚೂರಿನ ಮೇಲೆ ಮತ್ತೆ ಇಳಿದರೆ ನಡುವಿನ ಇನ್ಸರ್ಟ್ ಚೂರಾಗುತ್ತದೆ.

ಎತ್ತರದ ಲೆಕ್ಕವನ್ನು ಮರೆಯುವವರೇ ಹೆಚ್ಚು. ಸಣ್ಣ ವಿಎಂಸಿಯಲ್ಲಿ ಸ್ಪಿಂಡಲ್ ಮೂಗಿನಿಂದ ಮೇಜಿಗೆ 600 ಮಿ.ಮೀ. ಆಸುಪಾಸು. ದಿಂಡು 200, ವೈಸ್ 100, ಹೋಲ್ಡರ್ ಸೇರಿ ಡ್ರಿಲ್ 300. ಜಾಗ ಅಲ್ಲಿಗೇ ಮುಗಿಯಿತು! ಆಗ ಗಿಡ್ಡ ಡ್ರಿಲ್ ಹಾಕಿ ಎರಡು ಬದಿಯಿಂದ ಕೊರೆಯಬೇಕು, ನಡುವೆ ಕೂದಲೆಳೆಯ ಮೆಟ್ಟಿಲು ಬಂದೇ ಬರುತ್ತದೆ. ಅದನ್ನು ಅಳಿಸಲು ಹೆಣಗುವುದು ದಂಡ. ಬೇರಿಂಗ್ ಕೂರುವುದು ಎರಡು ತುದಿಯಲ್ಲಿ ತಾನೆ? ನಡುಭಾಗವನ್ನು ತುಸು ದೊಡ್ಡದೇ ಬಿಡಿ. ತುದಿಗಳನ್ನು ಬೋರಿಂಗ್ ಬಾರಿನಿಂದ ಅಳತೆಗೆ ತನ್ನಿ, ಅದೂ ದಿಂಡು ತಣಿದ ಮೇಲೆ. 40 ಡಿಗ್ರಿ ಬಿಸಿಯೇರಿದ ಅಲ್ಯುಮಿನಿಯಂನಲ್ಲಿ 50 ಮಿ.ಮೀ. ತೂತು 0.04 ಮಿ.ಮೀ.ಗಿಂತ ಹೆಚ್ಚು ಹಿಗ್ಗಿರುತ್ತದೆ. ಬಿಸಿಯಲ್ಲಿ ಸರಿಯಾದ ಅಳತೆ, ಬೆಳಗ್ಗೆ ನೋಡಿದರೆ ಬೇರಿಂಗನ್ನು ಒಳಗೆ ಬಿಡುವುದಿಲ್ಲ.

ತೋಟದವರಿಗೊಂದು ಮಾತು. ಕೊಳೆರೋಗಕ್ಕೆ ಬೋರ್ಡೋ ಬಿಡುವ ಪಂಪಿನಲ್ಲಿ ದ್ರಾವಣ ತಾಗುವ ಭಾಗವನ್ನು ಅಲ್ಯುಮಿನಿಯಂನಲ್ಲಿ ಮಾಡಿಸಬೇಡಿ. ಮೈಲುತುತ್ತಿನ ತಾಮ್ರವೂ ಸುಣ್ಣವೂ ಅದನ್ನು ತಿನ್ನುತ್ತವೆ. ಎಷ್ಟು ಚೆಂದ ಕೊರೆದರೂ ಆ ಸಿಲಿಂಡರ್ ಬಾಳದು. ಅಲ್ಲಿಗೆ ಹಿತ್ತಾಳೆಯೇ ಸರಿ.

ಕೊನೆಗೆ ನನ್ನ ತೀರ್ಪು, ಡ್ರಿಲ್ ಮಾರುವವರಿಗೆ ಹಿಡಿಸದಿರಬಹುದು. ಹೊರಮೈ ದುಂಡಗಿದ್ದು ತೂತು ಈ ಬದಿಯಿಂದ ಆ ಬದಿಗೆ ಹಾದುಹೋಗುವಂತಿದ್ದರೆ ದಿಂಡು ತರಲೇಬೇಡಿ. ಅಡಿಕೆ ಕೊಯ್ಯುವ ಅಲ್ಯುಮಿನಿಯಂ ದೋಟಿಯೂ ಯಾರೋ ಕೊರೆದದ್ದಲ್ಲ, ಬಿಸಿ ಲೋಹವನ್ನು ಅಚ್ಚಿನಲ್ಲಿ ಒತ್ತಿ ತೆಗೆದ ಕೊಳವೆ. ದಪ್ಪ ಗೋಡೆಯ ಅಂಥ ಕೊಳವೆ ಬೆಂಗಳೂರಿನ ವ್ಯಾಪಾರಿಗಳಲ್ಲಿ ತೂಕಕ್ಕೆ ಸಿಗುತ್ತದೆ. ತಂದು ಎರಡು ತುದಿ ಬೋರ್ ಮಾಡಿ. ಹುಡಿಯಾಗಿ ಹೋಗುವ ಆ ಒಂದು ಕಿಲೋ ಲೋಹದ ದುಡ್ಡೂ ಉಳಿಯುತ್ತದೆ.