ಗೋಡೆಯಿಲ್ಲದ ಬಾಗಿಲುಗಳು

ಪುತ್ತೂರು–ಸುಳ್ಯ ದಾರಿಯ ಬದಿಯಲ್ಲಿ ಮತ್ತೊಂದು ಕಾಂಕ್ರೀಟ್ ಸ್ವಾಗತ ದ್ವಾರ ಎದ್ದಿದೆ.

ದ್ವಾರಪ್ರಿಯರ ಜೊತೆ ನನ್ನ ತಕರಾರು ಹಳೆಯದು. ದೇವಸ್ಥಾನದ ಬ್ರಹ್ಮಕಲಶ ಬಂತೆಂದರೆ ಎರಡು ಕಂಬ, ಎರಡು ಸಿಂಹ, ದಾನಿಗಳ ಹೆಸರು. ಎಡಕ್ಕೂ ಗೋಡೆಯಿಲ್ಲ, ಬಲಕ್ಕೂ ಇಲ್ಲ. ದನಗಳು ಪಕ್ಕದಿಂದಲೇ ಒಳಗೆ ಹೋಗುತ್ತವೆ. ಇವರ ಮೂಲಪುರುಷ ಫ್ರಾನ್ಸಿನ ಹದಿನಾಲ್ಕನೆಯ ಲೂಯಿ. ಪ್ಯಾರಿಸ್ಸಿನ ಕೋಟೆಗೋಡೆ ಬೇಡವೆಂದು ಕೆಡವಿಸಿದವನು ಅವನೇ. ಅವನ ಗೆಲುವುಗಳನ್ನು ಕೆತ್ತಿದ ಸೇಂಟ್ ಡೆನಿಸ್ ಬಾಗಿಲು 1672ರಲ್ಲಿ ಎದ್ದದ್ದೂ ಅವನ ಕಾಲದಲ್ಲೇ. ಆ ಕಾಲದ ಬರೊಕ್ ಎಂದರೆ ಹೀಗೆ, ಮೆರವಣಿಗೆಗೆ ಸಜ್ಜಾದ ಶೈಲಿ.

ಲೂಯಿಯ ಸಮಕಾಲೀನ ನಮ್ಮ ಕೊಡಗಿನ ಅರಸ ಮುದ್ದುರಾಜ. ಅವನು 1681ರಲ್ಲಿ ಮಡಿಕೇರಿಯನ್ನು ರಾಜಧಾನಿ ಮಾಡಿಕೊಂಡು ಕಟ್ಟಿದ್ದು ಮಣ್ಣಿನ ಕೋಟೆ. ಟಿಪ್ಪು ಅದನ್ನು ಕಲ್ಲಿನಲ್ಲಿ ಕಟ್ಟಿಸಿ ಜಾಫರಾಬಾದ್ ಎಂದು ಕರೆದ. ಅದರ ಪೂರ್ವದ ಪ್ರವೇಶದಲ್ಲಿ ಮೆರವಣಿಗೆಗೆ ಅನುಕೂಲವೇನೂ ಇಲ್ಲ. ದಾರಿ ಸುತ್ತಿ ಬಳಸಿ ಒಳಗೆ ಹೋಗುತ್ತದೆ, ಓಡಿಬಂದವನ ವೇಗ ತಿರುವಿನಲ್ಲೇ ಮುರಿಯುತ್ತದೆ. ಕೋಟೆ ನೋಡುವವರು ಕಮಾನು ಬಿಟ್ಟು ಈ ತಿರುವನ್ನು ನೋಡಬೇಕೆಂದು ನಾನು ಹೇಳುತ್ತಲೇ ಬಂದಿದ್ದೇನೆ.

ಇಷ್ಟೊಂದು ಜಾಣತನದ ಬಾಗಿಲು ಸೋತದ್ದು ಮಾತ್ರ ತೋಪಿಗಲ್ಲ. ಟಿಪ್ಪುವಿನ ಕೈಯಲ್ಲಿದ್ದ ಕೋಟೆಗೆ ಕೊಡಗಿನ ರಾಜ ದೊಡ್ಡ ವೀರರಾಜ ಮುತ್ತಿಗೆ ಹಾಕಿದ್ದಾಗ ಟಿಪ್ಪುವಿನ ಕಡೆಯ ಖಾದರ್ ಖಾನ್ ಕೋಟೆಗೆ ದಿನಸಿ ತಂದ. ರಾಜನ ಮೇಲೆ ಖಾನನ ಹಳೆಯ ಉಪಕಾರವೊಂದಿತ್ತು. ರಾಜ ಶತ್ರುವಿನ ದಿನಸಿಯನ್ನು ಒಳಗೆ ಬಿಟ್ಟ! ಕೊನೆಗೆ ಕೋಟೆ ತಾನಾಗಿ ಶರಣಾಯಿತು, ರಾಜ ಕಾವಲಿನವರನ್ನು ಮರ್ಯಾದೆಯಿಂದ ಕಳಿಸಿಕೊಟ್ಟ. 1834ರ ಏಪ್ರಿಲ್‌ನಲ್ಲಿ ಕೊಡಗನ್ನು ವಶಪಡಿಸಿಕೊಳ್ಳಲು ಬ್ರಿಟಿಷರ ಕರ್ನಲ್ ಫ್ರೇಸರ್ ಬಂದಾಗಲೂ ಬಾಗಿಲಲ್ಲಿ ಯುದ್ಧ ನಡೆಯಲಿಲ್ಲ.

ಅಲ್ಲಿ ನಡೆಯದ ಯುದ್ಧದ ಬೆಲೆ ತೆತ್ತದ್ದು ನಮ್ಮ ಪುತ್ತೂರು–ಸುಳ್ಯದ ಕಡೆಯವರು. ಕೊಡಗು ಬ್ರಿಟಿಷರ ವಶವಾದ ಮೇಲೆ ಪುತ್ತೂರು, ಅಮರ ಸುಳ್ಯ ಮಾಗಣೆಗಳು ಕೊಡಗಿನಿಂದ ಕೆನರಾ ಜಿಲ್ಲೆಗೆ ಹೋದವು. ಧಾನ್ಯದಲ್ಲಿ ಸಲ್ಲುತ್ತಿದ್ದ ಕಂದಾಯವನ್ನು ನಗದಾಗಿ ಕಟ್ಟಬೇಕಾಯಿತು. 1837ರಲ್ಲಿ ಬೆಳ್ಳಾರೆಯ ಖಜಾನೆಗೆ ಕೈಹಾಕಿದ ರೈತರು ಪುತ್ತೂರು ದಾಟಿ ಏಪ್ರಿಲ್ 5ಕ್ಕೆ ಮಂಗಳೂರು ತಲುಪಿದರು. ಕುಳಕುಂದದ ನಿರಂಜನರು ‘ಕಲ್ಯಾಣಸ್ವಾಮಿ’ಯಲ್ಲಿ ಕಾದಂಬರಿ ಮಾಡಿದ್ದು ಇದನ್ನೇ.

ಬಂಡಾಯದ ಗುಡ್ಡೆಮನೆ ಅಪ್ಪಯ್ಯ ಗೌಡರನ್ನು ಅದೇ ವರ್ಷ ಅಕ್ಟೋಬರ್ 31ರಂದು ಗಲ್ಲಿಗೇರಿಸಿದ್ದು ಮಡಿಕೇರಿ ಕೋಟೆಯಲ್ಲೇ. ಸಂಪಾಜೆ ಘಾಟಿ ಹತ್ತಿ ಹೋಗುವ ನಮ್ಮವರು ಕೋಟೆಯೊಳಗಿನ ಎರಡು ಆನೆ ಪ್ರತಿಮೆಗಳ ಜೊತೆ ಫೋಟೋ ತೆಗೆಸಿಕೊಂಡು ರಾಜಾಸೀಟಿಗೆ ಹೊರಟುಬಿಡುತ್ತಾರೆ.