ಎಣ್ಮಕಜೆಯ ಮಗು: ಪುರಾಣ ಮತ್ತು ತುತ್ತಿನ ನಡುವೆ

ಅಂಬಿಕಾಸುತನ್ ಮಾಂಗಾಡ್ ಅವರ ಮಲಯಾಳಂ ಕಾದಂಬರಿ ‘ಎಣ್ಮಕಜೆ’ (2009) ಕಾಸರಗೋಡಿನ ಗಡಿಗ್ರಾಮವೊಂದರ ಹೆಸರನ್ನೇ ಶೀರ್ಷಿಕೆಯಾಗಿ ಹೊತ್ತಿದೆ. ‘ಎಣ್ಮ’ ಎಂದರೆ ತುಳುವಿನಲ್ಲಿ ಎಂಟು. ತುಳು, ಕನ್ನಡ, ಮರಾಠಿ, ಕೊಂಕಣಿಗಳನ್ನು ಮನೆಮಾತಾಗಿ ಉಳಿಸಿಕೊಂಡಿರುವ ಇಂಥ ಊರೊಂದು ಮಲಯಾಳಂ ಸಾಹಿತ್ಯದ ನಡುಮನೆಗೆ ಪ್ರವೇಶ ಪಡೆದದ್ದು ತನ್ನ ಭಾಷಾಸಂಪತ್ತಿನಿಂದಲ್ಲ, ತನ್ನ ಮಕ್ಕಳ ಕಾಯಿಲೆಯಿಂದ.

ಕೃತಿಯ ಹಿನ್ನೆಲೆ ಪರಿಚಿತವೇ. ಕೇರಳ ಪ್ಲಾಂಟೇಶನ್ ಕಾರ್ಪೊರೇಶನ್‌ನ ಗೇರುತೋಟಗಳ ಮೇಲೆ ಎರಡು ದಶಕಗಳಿಗೂ ಹೆಚ್ಚು ಕಾಲ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿಯಿತು. ಊನಗೊಂಡು ಹುಟ್ಟಿದ ಕರುಗಳ ಬಗ್ಗೆ ಆರಂಭದಲ್ಲೇ ಬರೆದವರು ಪತ್ರಕರ್ತ ಶ್ರೀಪಡ್ರೆ. ಒಂದೇ ಪರಿಸರದ ಮನೆಗಳಲ್ಲಿ ಕಾಯಿಲೆಗಳು ದಟ್ಟೈಸಿರುವುದನ್ನು ಗುರುತಿಸಿದವರು ವಾಣಿನಗರದ ವೈದ್ಯ ಡಾ. ವೈ. ಎಸ್. ಮೋಹನಕುಮಾರ್. 2003ರಲ್ಲಿ ಪ್ರಕಟವಾದ ವೈಜ್ಞಾನಿಕ ಅಧ್ಯಯನವೊಂದು ತೋಟದ ತಪ್ಪಲಿನ ಹಳ್ಳಿಯ 117 ಶಾಲಾಬಾಲಕರನ್ನು ಬೇರೆಡೆಯ 90 ಬಾಲಕರೊಂದಿಗೆ ಹೋಲಿಸಿ, ಪ್ರೌಢತೆ ತಡವಾಗುತ್ತಿರುವುದನ್ನು ಎಚ್ಚರದ ಮಾತುಗಳಲ್ಲಿ ದಾಖಲಿಸಿತು.

ಅಂಕಿಗಳು ಹೇಳಲಾರದ್ದನ್ನು ಹೇಳಲು ಕಾದಂಬರಿಕಾರರು ಪುರಾಣದ ಮೊರೆಹೋಗುತ್ತಾರೆ. ಲೋಕವನ್ನು ತೊರೆದು ಜಟಾಧಾರಿ ಬೆಟ್ಟ ಸೇರಿರುವ ನೀಲಕಂಠ ಮತ್ತು ದೇವಯಾನಿಯರ ಬಾಳಿಗೆ ಮೈತುಂಬ ಹುಣ್ಣಾದ ಮಗುವೊಂದು ಬರುತ್ತದೆ; ಅದರ ಹೆಸರು ಪರೀಕ್ಷಿತ. ಉತ್ತರೆಯ ಗರ್ಭದಲ್ಲೇ ಅಶ್ವತ್ಥಾಮನ ಅಸ್ತ್ರಕ್ಕೆ ಗುರಿಯಾದ ಶಿಶುವಿನ ಹೆಸರದು. ಗರ್ಭವನ್ನು ಹೊಕ್ಕ ವಿಷಕ್ಕೆ ಇದಕ್ಕಿಂತ ತೀಕ್ಷ್ಣವಾದ ರೂಪಕ ಸಿಗಲಾರದು. ಆದರೆ ಅಸ್ತ್ರಕ್ಕೆ ಪ್ರಯೋಗಿಸುವವನೊಬ್ಬ ಬೇಕು, ಅವನಿಗೆ ದ್ವೇಷವೂ ಬೇಕು. ಗೇರುತೋಟದ ಸಿಂಪಡಣೆಯಲ್ಲಿ ಯಾರಿಗೂ ದ್ವೇಷವಿರಲಿಲ್ಲ. ಅದೊಂದು ವಾರ್ಷಿಕ ಕಾಮಗಾರಿ, ಲೆಕ್ಕಪುಸ್ತಕದ ಒಂದು ಬಾಬತ್ತು. ರೂಪಕದ ಒತ್ತಡಕ್ಕೆ ಮಣಿದ ಉತ್ತರಾರ್ಧ ಖಳನಾಯಕನೊಬ್ಬನನ್ನು ಹುಡುಕಿಕೊಳ್ಳುತ್ತದೆ. ಹೋರಾಟದ ಕಥೆ ವೇಗ ಪಡೆದಂತೆ ನಿರ್ಲಕ್ಷ್ಯದ ನಿರ್ಮಮ ಯಂತ್ರ ಮಸುಕಾಗುತ್ತದೆ.

ಹೆಚ್ಚಿನ ನಷ್ಟ ಇರುವುದು ಮತ್ತೊಂದೆಡೆ. ಕತ್ತು ನಿಲ್ಲದ ಮಗುವಿಗೆ ಗಂಜಿ ಕುಡಿಸಲು ತಾಯಿಗೆ ಎಷ್ಟು ಹೊತ್ತು ಬೇಕು? ಅಷ್ಟು ಹೊತ್ತು ಅವಳು ಕೂಲಿಗೆ ಹೋಗಲಾರಳು. ಕೂಲಿಯಿಲ್ಲದೆ ಗಂಜಿಯ ಅಕ್ಕಿ ಬರಲಾರದು. ವಿಷ ಒಮ್ಮೆ ಮಾಡಿದ ಗಾಯವನ್ನು ಬಡತನ ದಿನಕ್ಕೆ ಮೂರು ಹೊತ್ತು ಕೆದಕುತ್ತದೆ. ಕೃತಿಯಲ್ಲಿ ಮಗುವಿನ ದೇಹ ಬೆಚ್ಚಿಬೀಳಿಸುವ ದೃಶ್ಯವಾಗಿ ಬರುವಷ್ಟು, ಉಣಿಸಬೇಕಾದ, ತೊಳೆಯಬೇಕಾದ, ಹೊತ್ತು ಬಸ್ಸು ಹತ್ತಬೇಕಾದ ದೇಹವಾಗಿ ಬರುವುದಿಲ್ಲ. ನೀಲಕಂಠ ಮತ್ತು ದೇವಯಾನಿಯರು ಕೊನೆಗೆ ಬಟ್ಟೆ ಕಳಚಿ, ಮನುಷ್ಯಲೋಕಕ್ಕೆ ಬೆನ್ನುಹಾಕಿ, ಪ್ರಾಣಿಗಳಿರುವ ಗುಹೆಯನ್ನು ಸೇರುವ ಅಂತ್ಯ ಕಾವ್ಯಾತ್ಮಕವಾದುದು, ನಿಜ. ಮಂಗಳೂರಿನ ಆಸ್ಪತ್ರೆಯನ್ನೇ ನೆಚ್ಚಿಕೊಂಡ ಗಡಿನಾಡಿನ ತಾಯಿಗೆ ಅಂಥ ಗುಹೆಯಿಲ್ಲ. 2020ರ ಲಾಕ್‌ಡೌನಿನಲ್ಲಿ ತಲಪಾಡಿಯ ಗಡಿ ಮುಚ್ಚಿದಾಗ ಆ ಆಸ್ಪತ್ರೆಯೂ ಇರಲಿಲ್ಲ.

ಭಾಷೆಯ ಪ್ರಶ್ನೆ ಇದರೊಂದಿಗೇ ಹೆಣೆದುಕೊಂಡಿದೆ. ನೋವನ್ನು ತುಳುವಿನಲ್ಲೋ ಕನ್ನಡದಲ್ಲೋ ನುಡಿಯುವವರ ಮಾತು ಓದುಗರಿಗೆ ಮಲಯಾಳಂನಲ್ಲಿ ತಲುಪುತ್ತದೆ. ಇದು ಕಾದಂಬರಿಕಾರರ ತಪ್ಪಲ್ಲ. ಅವರು ಬರೆಯದಿದ್ದರೆ ಎಣ್ಮಕಜೆ ತಿರುವನಂತಪುರದ ಓದುಗರಿಗೆ ನಕ್ಷೆಯ ಅಂಚಾಗಿಯೇ ಉಳಿಯುತ್ತಿತ್ತು. ಆದರೆ ಮಗು ಯಾವಾಗಿನಿಂದ ತುತ್ತು ನುಂಗುತ್ತಿಲ್ಲ, ಯಾವ ತಿಂಗಳಲ್ಲಿ ಕತ್ತು ಜೋತಿತು ಎಂಬ ವಿವರಗಳು ತಾಯ ನುಡಿಯಲ್ಲಿ ಮಾತ್ರ ನಿಖರವಾಗಿರುತ್ತವೆ. ಅನುವಾದದಲ್ಲಿ ಅವು ‘ಸಂಕಟ’ ಎಂಬ ಒಂದೇ ಪದಕ್ಕೆ ಇಳಿದುಬಿಡಬಹುದು, ಕಾದಂಬರಿಯಲ್ಲಾದರೂ ವೈದ್ಯಕೀಯ ಶಿಬಿರದಲ್ಲಾದರೂ.

ಜೆ. ದೇವಿಕಾ ಅವರ ಇಂಗ್ಲಿಷ್ ಅನುವಾದ (2017) ‘ಸ್ವರ್ಗ’ ಎಂಬ ಹೆಸರಿನಲ್ಲಿ ಬಂದಿತು. ಸ್ವರ್ಗ ಎಂಬುದು ಎಣ್ಮಕಜೆಯ ಒಳಗೇ ಇರುವ ಒಂದು ಜಾಗ. ದೂರದ ಓದುಗರಿಗೆ ಅದು ವ್ಯಂಗ್ಯವಾಗಿ ಕೇಳಿಸುತ್ತದೆ. ಊರಿನವರಿಗೆ ಅದು ದಿನವೂ ಬಾಯಲ್ಲಿ ಬರುವ ವಿಳಾಸ.