ಕೋಲು ನೋಡುವ ಕಣ್ಣು

ಮಸ್ಕಿಯಿಂದ ಪಾಮನಕಲ್ಲೂರಿನ ಕಡೆ ಹೊರಟರೆ ಕುರಿ ಹಿಂಡು ಎದುರಾಗದೆ ದಾರಿ ಸಾಗುವುದು ಕಡಿಮೆ. ಹಿಂಡಿನ ಹಿಂದೆ ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಬಡಿಗಿ ಹಿಡಿದ ಕುರಿಗಾರ ಇದ್ದೇ ಇರುತ್ತಾನೆ. ಆ ಬಡಿಗಿಯನ್ನು ಒಮ್ಮೆ ನಿಂತು ನೋಡಬೇಕು. ನೆಲಕ್ಕೆ ಊರಿದರೆ ಅವನ ಎದೆಗೋ ಗದ್ದಕ್ಕೋ ಬರುತ್ತದೆ. ತೋಳ ಬಂದರೆ ಬೀಸಬೇಕು, ಜಾಲಿಯ ಟೊಂಗೆ ಬಗ್ಗಿಸಬೇಕು, ಹಾವನ್ನು ದೂರದಿಂದಲೇ ಸರಿಸಬೇಕು, ದಣಿವಾದರೆ ಅದರ ಮೇಲೆ ಭಾರ ಬಿಟ್ಟು ನಿಲ್ಲಬೇಕು. ಇಷ್ಟೂ ಕೆಲಸಕ್ಕೆ ಆಗಿಬರುವ ಉದ್ದವನ್ನು ಅವನಿಗೆ ಯಾವ ವಸ್ತಾದನೂ ಹೇಳಿಕೊಟ್ಟಿಲ್ಲ. ಅವನ ಅಜ್ಜನ ಕೈಯಲ್ಲೂ ಅದೇ ಅಳತೆಯ ಬಡಿಗಿ ಇತ್ತು.

ಆಯುಧಗಳ ಲೋಕದಲ್ಲಿ ಕೋಲಿಗೆ ಮರ್ಯಾದೆ ಕಡಿಮೆ. ನಮ್ಮ ವೀರಗಲ್ಲುಗಳಲ್ಲಿ ಕತ್ತಿ, ಗುರಾಣಿ, ಬಿಲ್ಲುಬಾಣ ಕಾಣುತ್ತವೆ. ಬಡಿಗಿ ಹಿಡಿದು ಸತ್ತವನಿಗೆ ಕಲ್ಲು ನಿಲ್ಲಿಸಿದವರು ವಿರಳ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 1129ರ ಸುಮಾರಿಗೆ ಬರೆಸಿದ ‘ಮಾನಸೋಲ್ಲಾಸ’ದಲ್ಲಿ ಶಸ್ತ್ರವಿನೋದ, ಅಂಕವಿನೋದ, ಮಲ್ಲವಿನೋದಗಳಿಗೆ ಬೇರೆ ಬೇರೆ ಅಧ್ಯಾಯಗಳೇ ಇವೆ. ಕುರಿಗಾರನ ಬಡಿಗಿ ಅರಸನ ವಿನೋದಕ್ಕೆ ಸೇರುವ ಸಾಮಾನಲ್ಲ.

ಚೀನಾದಲ್ಲಿ ಲೆಕ್ಕ ಬೇರೆ. ಅಲ್ಲಿನ ಸಮರಕಲೆಯ ನಾಲ್ಕು ಮುಖ್ಯ ಆಯುಧಗಳಲ್ಲಿ ಬಾಗಿದ ಕತ್ತಿ, ನೇರ ಕತ್ತಿ, ಈಟಿಗಳ ಜೊತೆ ಕೋಲೂ ಒಂದು. ಅದನ್ನು ಅವರು ‘ಗುನ್’ ಎನ್ನುತ್ತಾರೆ, ಎಲ್ಲ ಆಯುಧಗಳ ಮೂಲಪುರುಷ ಎಂಬ ಪಟ್ಟವನ್ನೂ ಕೊಟ್ಟಿದ್ದಾರೆ. ಕಲಿಕೆಗೆ ಒಂದು ಗಾದೆ ಇದೆ: ಕೋಲು ತಿಂಗಳ ಕೆಲಸ, ಕತ್ತಿ ವರ್ಷದ ಕೆಲಸ, ಈಟಿ ಜೀವಮಾನದ ಕೆಲಸ. ಕೋಲು ಸುಲಭ ಎಂಬುದು ಇದರ ಮೇಲುನೋಟದ ಅರ್ಥ. ಆದರೆ ಗರಡಿಗೆ ಬಂದ ಹುಡುಗನ ಕೈಗೆ ಮೊದಲು ಏನು ಕೊಡಬೇಕು ಎಂಬ ಪ್ರಶ್ನೆಗೂ ಉತ್ತರ ಅದರಲ್ಲೇ ಇದೆ. ಕೋಲು ಪಳಗಿದ ಕೈಗೆ ಉಳಿದದ್ದನ್ನು ಕಲಿಸಬಹುದು.

ಕೋಲುಗಳನ್ನು ವಿಂಗಡಿಸಲು ನಾನು ನೋಡುವುದು ಒಂದೇ ಸಂಗತಿಯನ್ನು: ಅದು ಎದುರಾಳಿಯನ್ನು ಎಷ್ಟು ದೂರದಲ್ಲಿ ನಿಲ್ಲಿಸುತ್ತದೆ? ಮರ ಯಾವುದು, ಬಣ್ಣ ಯಾವುದು, ತುದಿಗೆ ಹಿತ್ತಾಳೆ ಕಟ್ಟು ಇದೆಯೋ ಇಲ್ಲವೋ ಎಂಬುದೆಲ್ಲ ಆಮೇಲಿನದು.

ಮೊದಲನೆಯದು ಹುಬ್ಬಿನೆತ್ತರದ ಕೋಲು. ಚೀನೀಯರು ‘ಚಿಮೆ ಗುನ್’ ಎನ್ನುವ ಇದನ್ನು ನೆಟ್ಟಗೆ ನಿಲ್ಲಿಸಿದರೆ ಹಿಡಿದವನ ಹುಬ್ಬಿಗೆ ತಾಗಬೇಕು. ಐದಡಿಯ ಆಳಿಗೂ ಆರಡಿಯ ಆಳಿಗೂ ಒಂದೇ ಕೋಲು ಸಲ್ಲುವುದಿಲ್ಲ. ತಮಿಳುನಾಡಿನ ಸಿಲಂಬದ ಕೋಲೂ ಹೆಚ್ಚುಕಡಿಮೆ ಹಣೆಯ ಎತ್ತರದ್ದೇ. ಎರಡು ನಾಡುಗಳು ಒಂದನ್ನೊಂದು ಕೇಳದೆ ಒಂದೇ ಅಳತೆಗೆ ಬಂದಿದ್ದರೆ ಅದಕ್ಕೆ ಕಾರಣ ಮನುಷ್ಯನ ಮೈಯಲ್ಲೇ ಇದೆ. ಇಷ್ಟುದ್ದದ ಕೋಲನ್ನು ಮೂರು ಪಾಲು ಮಾಡಿ ನಡುವಿನ ಪಾಲಿನ ಎರಡು ಕೊನೆಗೆ ಕೈ ಇಟ್ಟರೆ ಎರಡೂ ತುದಿ ಕೆಲಸ ಮಾಡುತ್ತವೆ. ಮೇಲಿನ ತುದಿ ಹೊಡೆತ ತಡೆದರೆ ಕೆಳಗಿನ ತುದಿ ಮೊಣಕಾಲಿಗೆ ಹೋಗುತ್ತದೆ. ತಿರುಗಿಸಿದರೆ ನೆಲಕ್ಕೆ ತಾಗುವುದಿಲ್ಲ, ಕಂಕುಳಲ್ಲಿ ಸಿಕ್ಕಿಕೊಳ್ಳುವುದಿಲ್ಲ. ನಾಲ್ಕು ಜನ ಸುತ್ತುವರಿದಾಗ ಬೇಕಾದದ್ದು ಇದೇ. ಈಟಿ ಒಂದು ಗೆರೆಯನ್ನು ಚುಚ್ಚುತ್ತದೆ, ಕೋಲು ಒಂದು ಬಯಲನ್ನೇ ಗುಡಿಸುತ್ತದೆ ಎಂದು ಅಲ್ಲಿನವರು ಹೇಳುವುದು ಇದಕ್ಕೇ.

ಎರಡನೆಯದು ಉದ್ದದ ಗಳ. ದಕ್ಷಿಣ ಚೀನಾದ ವಿಂಗ್ ಚುನ್ ಪಂಥದಲ್ಲಿ ‘ಆರೂವರೆ ಅಂಶದ ಕೋಲು’ ಎಂಬ ವರಸೆ ಇದೆ. ಬ್ರೂಸ್ ಲೀಯ ಗುರು ಇಪ್ ಮ್ಯಾನ್ ಕಲಿಸುತ್ತಿದ್ದದ್ದು ಈ ಪಂಥವನ್ನೇ. ಇಲ್ಲಿ ಎಂಟಡಿ, ಒಂಬತ್ತಡಿ, ಇನ್ನೂ ಉದ್ದದ ಗಳವನ್ನು ಬುಡದ ಕಡೆ ಎರಡೂ ಕೈಯಿಂದ ಹಿಡಿಯುತ್ತಾರೆ. ಕೆಲಸ ಮಾಡುವುದು ಒಂದೇ ತುದಿ. ವರಸೆ ಚಿಕ್ಕದು, ತಿರುಗಾಟವೇ ಇಲ್ಲ. ಒತ್ತು, ಎತ್ತು, ತಿವಿ, ಪಕ್ಕಕ್ಕೆ ತಳ್ಳು. ನೋಡುಗನಿಗೆ ಇದು ಸಪ್ಪೆ. ಮಾಡಿದವನಿಗೆ ಮಾತ್ರ ಗೊತ್ತು, ಹಿಂದಿನ ಕೈ ಒಂದು ಅಂಗುಲ ಅಲುಗಿದರೆ ಮುಂದಿನ ತುದಿ ಒಂದು ಗೇಣು ಸರಿಯುತ್ತದೆ. ಐದು ನಿಮಿಷ ಹಿಡಿದು ನಿಂತರೆ ಮುಂಗೈ ನಡುಗುತ್ತದೆ. ಈ ಗಳದ ತುದಿಗೆ ಉಕ್ಕಿನ ಅಲಗು ಕೂರಿಸಿದರೆ ಅದೇ ಈಟಿ. ಹಾಗಾಗಿ ಗಳ ಕಲಿತವನು ಈಟಿಯ ಅರ್ಧ ದಾರಿ ನಡೆದಿರುತ್ತಾನೆ.

ಮೂರನೆಯದು ಕೀಲಿನ ಕೋಲು. ಒಂದು ಉದ್ದದ ತುಂಡಿಗೆ ಸರಪಳಿಯಿಂದ ಗಿಡ್ಡ ತುಂಡು ಕಟ್ಟಿದ ಆಯುಧವನ್ನು ಚೀನಾದ ಸೈನ್ಯ ಸುಂಗ್ ಅರಸರ ಕಾಲಕ್ಕಾಗಲೇ ಬಳಸುತ್ತಿತ್ತು. ಕಣದಲ್ಲಿ ತೆನೆ ಬಡಿಯುವ ಸಾಧನದ ರೂಪವೇ ಅದು. ಗುರಾಣಿಯ ಅಂಚಿಗೆ ಹೊಡೆದರೆ ತುದಿ ಬಾಗಿ ಒಳಗೆ ಬೀಳುತ್ತದೆ, ಅದೇ ಅದರ ಉಪಯೋಗ. ಇದರ ದಾಯಾದಿ ಮೂರು ತುಂಡಿನ ಕೋಲು: ತಲಾ ಎರಡಡಿಯ ಮೂರು ಕೋಲು, ನಡುವೆ ಉಂಗುರ. 1978ರ ‘ದ 36ತ್ ಚೇಂಬರ್ ಆಫ್ ಶಾವೊಲಿನ್’ ಚಿತ್ರದಲ್ಲಿ ಗೋರ್ಡನ್ ಲಿಯು ಕೈಯಲ್ಲಿ ಅದನ್ನು ಕಂಡವರು ಮರೆಯಲಾರರು. ಮಡಚಿ ಹತ್ತಿರದಲ್ಲಿ ಬಳಸಬಹುದು, ಬಿಟ್ಟು ದೂರಕ್ಕೆ ಬೀಸಬಹುದು. ದೂರವನ್ನು ಬೇಕಾದಂತೆ ಬದಲಿಸುವ ಆಯುಧ ಇದು. ತಪ್ಪಿದರೆ ಏಟು ಬೀಳುವುದು ಬೀಸಿದವನ ತಲೆಗೇ. ಆದ್ದರಿಂದ ಹೊಸಬರು ಇದರ ಗೊಡವೆಗೆ ಹೋಗಬಾರದು.

ಮರದ ವಿಷಯದಲ್ಲೂ ಚೀನೀಯರಿಗೆ ತಮ್ಮದೇ ಹಟವಿದೆ. ಅವರಿಗೆ ಇಷ್ಟವಾದದ್ದು ಬಿಳಿಮೇಣದ ಮರ. ಮೇಣ ಕೊಡುವ ಹುಳವನ್ನು ಆ ಜಾತಿಯ ಮರದ ಮೇಲೆ ಸಾಕುತ್ತಿದ್ದುದರಿಂದ ಆ ಹೆಸರು. ಬುಡ ಕಡಿದು ಬಿಟ್ಟರೆ ನೆಟ್ಟಗಿನ ಚಿಗುರುಗಳು ಏಳುತ್ತವೆ. ಹಲಗೆಯಿಂದ ಸೀಳಿ ತೆಗೆದದ್ದಲ್ಲ, ಕೋಲಾಗಿಯೇ ಬೆಳೆದದ್ದು. ಬುಡ ದಪ್ಪ, ತುದಿ ಸಪುರ, ಒಳ್ಳೆಯ ಬಾಗು. ನಮ್ಮ ಸೀಮೆಯಲ್ಲಿ ಆ ಜಾಗ ಬಿದಿರಿನದು. ಮೇದಾರ ಓಣಿಯಲ್ಲಿ ಕೇಳಿದರೆ ಏಣಿಗೆ ಯಾವುದು, ಬುಟ್ಟಿಗೆ ಯಾವುದು, ಬಡಿಗಿಗೆ ಯಾವುದು ಎಂದು ಬೇರೆ ಬೇರೆ ತೆಗೆದು ತೋರಿಸುತ್ತಾರೆ. ಬಡಿಗಿಗೆ ಬೇಕಾದದ್ದು ಒಳಗೆ ಪೊಳ್ಳು ಇಲ್ಲದ ಅಥವಾ ಕಡಿಮೆ ಇರುವ, ಗಿಣ್ಣು ಹತ್ತಿರ ಹತ್ತಿರ ಇರುವ ಗಟ್ಟಿ ಬಿದಿರು. ಹಸಿಯಾಗಿ ಬಳಸಿದರೆ ಸೀಳುತ್ತದೆ, ಕುಟ್ಟೆ ಹಿಡಿದರೆ ಎರಡನೆಯ ಏಟಿಗೆ ಮುರಿಯುತ್ತದೆ. ನೆರಳಲ್ಲಿ ಒಣಗಿಸಿ, ಹೊಗೆ ತಾಗಿಸಿ, ಎಣ್ಣೆ ಕುಡಿಸಿದ್ದು ತಲೆಮಾರು ಬಾಳುತ್ತದೆ.

ಇನ್ನು ನಮ್ಮ ನಾಡಿನ ವರಸೆಗಳಿಗೆ ಬರೋಣ. ಕರಾವಳಿಯಲ್ಲಿ ‘ತಾಲೀಮು’ ಎಂದು ಕರೆಯುವ ತಂಡಗಳು ದಸರಾ, ಮೊಸರುಕುಡಿಕೆ ಮೆರವಣಿಗೆಗಳಲ್ಲಿ ಕೋಲು ಬೀಸುತ್ತವೆ. ಮೈಸೂರಿನ ಜಂಬೂಸವಾರಿಯಲ್ಲಿ ದೊಣ್ಣೆವರಸೆಗೆ ತನ್ನ ಸಾಲಿದೆ. ಲಿಂಗಸುಗೂರು ತಾಲ್ಲೂಕಿನ ಮುದಗಲ್ಲಿನ ಮೊಹರಂ ನಾಡಿಗೆಲ್ಲ ಗೊತ್ತು. ಈ ಸೀಮೆಯ ಹಳ್ಳಿಹಳ್ಳಿಯಲ್ಲೂ ಹಿಂದೂ ಮುಸ್ಲಿಮರು ಕೂಡಿಯೇ ಅಲಾಯಿ ಕುಣಿಯ ಸುತ್ತ ಹೆಜ್ಜೆ ಹಾಕುತ್ತಾರೆ. ಉತ್ತರ ಕರ್ನಾಟಕದ ಮೊಹರಂ ಮೆರವಣಿಗೆಗಳಲ್ಲಿ ಕೋಲು, ಕತ್ತಿ ತಿರುಗಿಸುವವರೂ ಕಾಣಸಿಗುತ್ತಾರೆ. ಕೊಡಗಿನ ಪರೆಯಕಳಿ ಮಾತ್ರ ಇವೆಲ್ಲಕ್ಕಿಂತ ಬೇರೆ. ಒಂದು ಕೈಯಲ್ಲಿ ಗುರಾಣಿ, ಇನ್ನೊಂದರಲ್ಲಿ ಸಣ್ಣ ಬೆತ್ತ. ಏಟು ಮೊಣಕಾಲಿನ ಕೆಳಗೇ ಬೀಳಬೇಕು. ನಿಯಮ ಒಂದೇ ಸಾಲಿನದು. ಆದರೆ ಅಷ್ಟರಿಂದಲೇ ಆಟಕ್ಕೆ ಅಳತೆ ಬಂತು: ಕಾಲು ಹಿಂದೆಗೆದುಕೊಳ್ಳಲು ಬರದವನು ಗೆಲ್ಲಲಾರ.

ಅಳತೆ ತಪ್ಪಿದರೆ ಏನಾಗುತ್ತದೆ ಎಂಬುದನ್ನು ನೋಡಲು ಗಡಿ ದಾಟಬೇಕು. ಕರ್ನೂಲು ಜಿಲ್ಲೆಯ ಹೊಳಗುಂದ ಮಂಡಲದ ದೇವರಗಟ್ಟ ನಮ್ಮ ಸಿರುಗುಪ್ಪ ಸೀಮೆಗೆ ಅಂಟಿಕೊಂಡಿದೆ. ಅಲ್ಲಿ ಮಾಳ ಮಲ್ಲೇಶ್ವರನ ಬನ್ನಿ ಉತ್ಸವ ನಡೆಯುತ್ತದೆ. ಮಣಿ, ಮಲ್ಲ ಎಂಬ ರಾಕ್ಷಸರನ್ನು ದೇವರು ಕೊಂದ ಕಥೆ ಮೈಲಾರನ ಭಕ್ತರಿಗೆ ಹೊಸದಲ್ಲ. ವಿಜಯದಶಮಿಯ ನಡುರಾತ್ರಿ ಉತ್ಸವಮೂರ್ತಿಗಾಗಿ ಊರುಗಳು ಎರಡು ಪಕ್ಷವಾಗಿ, ಪಂಜಿನ ಬೆಳಕಿನಲ್ಲಿ ಬಡಿಗಿ ಹಿಡಿದು ಎದುರಾಗುತ್ತವೆ. ಕರ್ನಾಟಕದ ಹಳ್ಳಿಗಳಿಂದಲೂ ಜನ ಹೋಗುತ್ತಾರೆ. ಹತ್ತಾರು ತಲೆ ಒಡೆಯುವುದು ಪ್ರತಿವರ್ಷದ ಸುದ್ದಿ, ಕೆಲವು ವರ್ಷ ಸಾವುಗಳೂ ಆಗಿವೆ. ಭಕ್ತಿಯ ಮಾತು ನನ್ನ ಅಂಕಣದ್ದಲ್ಲ. ಕೋಲಿನ ದೃಷ್ಟಿಯಿಂದ ಮಾತ್ರ ಹೇಳುತ್ತೇನೆ: ಭುಜಕ್ಕೆ ಭುಜ ತಾಗುವ ಗುಂಪಿನಲ್ಲಿ ಆಳೆತ್ತರದ ಬಡಿಗಿಗೆ ತಡೆಯುವ ಜಾಗವೇ ಇರುವುದಿಲ್ಲ. ಮೇಲಕ್ಕೆತ್ತಿ ಕೆಳಕ್ಕೆ ಹಾಕುವುದೊಂದೇ ಉಳಿಯುತ್ತದೆ, ಕೆಳಗೆ ಯಾರ ತಲೆ ಇದೆಯೆಂದು ಕತ್ತಲಲ್ಲಿ ಕಾಣುವುದಿಲ್ಲ. ಅದು ವರಸೆಯಲ್ಲ.

ಇದಕ್ಕೆ ತದ್ವಿರುದ್ಧವಾದದ್ದು ಚಿತ್ರದುರ್ಗದ ಕಿಂಡಿ. ಹೈದರಾಲಿಯ ಸೈನಿಕರು ಕೋಟೆಯ ಸಂದಿಯಲ್ಲಿ ನುಸುಳಿ ಬಂದಾಗ ಕಾವಲುಗಾರನ ಹೆಂಡತಿ ಓಬವ್ವ ಒನಕೆ ಎತ್ತಿಕೊಂಡ ಕಥೆ ಕನ್ನಡಿಗರಿಗೆಲ್ಲ ಬಾಯಿಪಾಠ. 1972ರ ‘ನಾಗರಹಾವು’ ಚಿತ್ರದಲ್ಲಿ ಜಯಂತಿ ಮಾಡಿದ ಪಾತ್ರವನ್ನು ಮರೆತವರಿಲ್ಲ. 2021ರಿಂದ ಸರ್ಕಾರ ನವೆಂಬರ್ 11ರಂದು ಓಬವ್ವ ಜಯಂತಿಯನ್ನೂ ಆಚರಿಸುತ್ತಿದೆ. ಅವಳ ಧೈರ್ಯವನ್ನು ಎಲ್ಲರೂ ಹೊಗಳಿದ್ದಾರೆ. ಅವಳ ಆಯುಧದ ಆಯ್ಕೆಯನ್ನು ಹೊಗಳಿದವರು ಕಡಿಮೆ. ಒನಕೆ ಭಾರದ್ದು, ಬೀಸಲು ಬಾರದು. ಬಯಲಿನಲ್ಲಿ ಕತ್ತಿ ಹಿಡಿದವನ ಎದುರು ಅದನ್ನು ಎತ್ತುವಷ್ಟರಲ್ಲಿ ಕಥೆ ಮುಗಿದಿರುತ್ತದೆ. ಆದರೆ ಕಿಂಡಿಯಲ್ಲಿ ಒಬ್ಬೊಬ್ಬನೇ ಬರಬೇಕು, ತಲೆ ಮೊದಲು ಬರಬೇಕು, ಬರುವವನು ಕೈ ಬೀಸಲಾರ. ಅಲ್ಲಿ ಬೇಕಾದ ಚಲನೆ ಒಂದೇ, ನೇರ ಕುಟ್ಟುವುದು. ಬತ್ತ ಕುಟ್ಟಿದ ಕೈಗೆ ಅದನ್ನು ಯಾರೂ ಕಲಿಸಬೇಕಾಗಿಲ್ಲ. ದೂರದ ಲೆಕ್ಕವನ್ನು ಬಂಡೆಯೇ ನೋಡಿಕೊಂಡಿತು. ಜಾಗಕ್ಕೆ ಇಷ್ಟು ಚೆನ್ನಾಗಿ ಹೊಂದಿದ ಕೋಲು ಚೀನೀ ಚರಿತ್ರೆಯಲ್ಲೂ ನನಗೆ ಸಿಕ್ಕಿಲ್ಲ.

ಮೆರವಣಿಗೆಯ ಕೋಲಿಗೆ ಬರುವ ರೋಗವೊಂದಿದೆ: ತೋರಿಕೆ ಉಳಿದು ತಿರುಳು ಹೋಗುವುದು. ಅದು ಚೀನಾವನ್ನೂ ಬಿಟ್ಟಿಲ್ಲ. 1553ರಲ್ಲಿ ಕಡಲ್ಗಳ್ಳರ ವಿರುದ್ಧ ಶಾವೊಲಿನ್ ಮಠದ ಸನ್ಯಾಸಿಗಳು ಕಬ್ಬಿಣದ ಕೋಲು ಹಿಡಿದು ಹೋರಾಡಿ ಹೆಸರು ಗಳಿಸಿದರು. ಅದಾಗಿ ಎಂಟೇ ವರ್ಷಕ್ಕೆ, 1561ರಲ್ಲಿ, ಯು ದಾಯೊ ಎಂಬ ದಂಡನಾಯಕ ಆ ಮಠಕ್ಕೆ ಹೋದ. ಅವನು ಕೋಲಿನ ಮೇಲೆ ಗ್ರಂಥವನ್ನೇ ಬರೆದವನು. ಸನ್ಯಾಸಿಗಳು ಅವನೆದುರು ತಮ್ಮ ವರಸೆ ತೋರಿಸಿದರು. ನೋಡಿದ ಅವನು, ನಿಮ್ಮ ಹಳೆಯ ವಿದ್ಯೆಯ ತಿರುಳು ಕಳೆದುಹೋಗಿದೆ ಎಂದ. ಮಠದವರು ಸಿಟ್ಟಾಗಲಿಲ್ಲ. ಇಬ್ಬರು ಸನ್ಯಾಸಿಗಳನ್ನು ಅವನ ಜೊತೆ ದಕ್ಷಿಣಕ್ಕೆ ಕಳಿಸಿದರು. ಅವರು ಮೂರು ವರ್ಷ ಅವನ ಸೈನ್ಯದೊಂದಿಗೆ ಇದ್ದು, ಕಲಿತು, ಮಠಕ್ಕೆ ಮರಳಿ ಉಳಿದವರಿಗೆ ಕಲಿಸಿದರು. ಆಮೇಲೆ ಚೆಂಗ್ ಝೊಂಗ್‌ಯೊ ಎಂಬಾತ ಅದೇ ಮಠದಲ್ಲಿ ವರ್ಷಗಟ್ಟಲೆ ಕಲಿತು, ಚಿತ್ರಗಳ ಸಮೇತ ಶಾವೊಲಿನ್ ಕೋಲಿನ ಪುಸ್ತಕ ಬರೆದ. ಹದಿನೇಳನೆಯ ಶತಮಾನದ ಆರಂಭದ ಆ ಪುಸ್ತಕದ ಪ್ರಕಾರ ಮರದ ಕೋಲು ಎಂಟು ಚೀನೀ ಅಡಿಗೆ ಕಡಿಮೆ ಇರಬಾರದು, ಅಂದರೆ ನಮ್ಮ ಲೆಕ್ಕದಲ್ಲಿ ಎಂಟಡಿಗೂ ಸ್ವಲ್ಪ ಮೇಲೆ. ಸಿನಿಮಾದಲ್ಲಿ ಗಿರಗಿರ ತಿರುಗುವ ಕೋಲಿಗಿಂತ ಇದು ಎಷ್ಟೋ ಉದ್ದ. ಯುದ್ಧದ ಕೋಲು ತಿರುಗುವುದಕ್ಕಿಂತ ತಿವಿಯುವುದೇ ಹೆಚ್ಚು ಎಂಬುದಕ್ಕೆ ಇಷ್ಟು ಸಾಕು.

ಶಾವೊಲಿನ್ ಮರೆತದ್ದನ್ನು ಮತ್ತೆ ಪಡೆಯಲು ಸಾಧ್ಯವಾದದ್ದು ಬೇರೆಯವನೊಬ್ಬನ ಬಳಿ ಅದು ಉಳಿದಿದ್ದುದರಿಂದ, ಅದು ಮತ್ತೆ ಮರೆತುಹೋಗದಿರುವುದು ಒಬ್ಬ ಬರೆದಿಟ್ಟಿದ್ದರಿಂದ. ನಮ್ಮ ಗರಡಿಗಳಲ್ಲಿ ವರಸೆ ಉಂಟು, ವಸ್ತಾದರು ಉಂಟು. ಬರವಣಿಗೆ ಮಾತ್ರ ಇಲ್ಲವೆನ್ನುವಷ್ಟು ಕಡಿಮೆ. ವಸ್ತಾದ ಹೋದರೆ ವರಸೆಯೂ ಹೋಯಿತು.

ಕೋಲು ಕೊಳ್ಳುವ ಹುಡುಗರಿಗೆ ನಾಲ್ಕು ಮಾತು. ನಿಮ್ಮ ಹುಬ್ಬಿಗೆ ಅಳೆದುಕೊಳ್ಳಿ, ಅಂಗಡಿಯವನ ಹುಬ್ಬಿಗಲ್ಲ. ಸಮನೆಲದ ಮೇಲೆ ಉರುಳಿಸಿ ನೋಡಿ, ಡೊಂಕಿದ್ದರೆ ಕುಣಿಯುತ್ತದೆ. ತುದಿಯನ್ನು ಕಲ್ಲಿಗೆ ತಟ್ಟಿ; ಒಳಗೆ ಕುಟ್ಟೆ ಇದ್ದರೆ ಸದ್ದು ಪೊಳ್ಳಾಗಿ ಬರುತ್ತದೆ. ಬಣ್ಣ ಬಳಿಯಬೇಡಿ, ಬಿರುಕು ಮುಚ್ಚಿಹೋಗುತ್ತದೆ.

ನೋಡುವವರಿಗೂ ಒಂದು ಮಾತು. ಬರುವ ಮೊಹರಂನಲ್ಲೋ ದಸರೆಯಲ್ಲೋ ಕೋಲು ಬೀಸುವವರ ಮುಂದೆ ನಿಂತಾಗ ಕೋಲಿನ ತುದಿಯನ್ನು ನೋಡಬೇಡಿ, ಅದು ಕಣ್ಣಿಗೆ ಮಂಕುಬೂದಿ ಎರಚುತ್ತದೆ. ಹಿಂದಿನ ಕೈ ನೋಡಿ, ಹೆಜ್ಜೆ ನೋಡಿ. ಇಬ್ಬರ ನಡುವಿನ ಅಂತರ ಏಟಿಗೆ ಏಟಿಗೆ ಬದಲಾಗುತ್ತಿದ್ದರೆ ನೀವು ವಿದ್ಯೆ ನೋಡುತ್ತಿದ್ದೀರಿ. ಬದಲಾಗದಿದ್ದರೆ ಅದು ಬರೀ ಕಸರತ್ತು. ವಿದ್ಯೆ ಕಂಡರೆ ಆಟ ಮುಗಿದ ಮೇಲೆ ಆ ಹಿರಿಯನ ಪಕ್ಕ ಕೂತು ವರಸೆಯ ಹೆಸರೇನು, ಯಾರಿಂದ ಕಲಿತಿರಿ, ಕೋಲು ಎಷ್ಟುದ್ದ ಎಂದು ಕೇಳಿ, ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಪಾಮನಕಲ್ಲೂರಿನಲ್ಲಾಗಲಿ ಮಸ್ಕಿ, ಸಿಂಧನೂರಿನಲ್ಲಾಗಲಿ ಈ ಕೆಲಸಕ್ಕೆ ಅಕಾಡೆಮಿಯ ಅನುಮತಿ ಬೇಕಿಲ್ಲ, ಅನುದಾನವೂ ಬೇಕಿಲ್ಲ. ಹಿರಿಯರು ಇರುವಾಗಲೇ ಆಗಬೇಕು, ಅಷ್ಟೆ.